ರಾಜಕೀಯ ಮತವೂ ದೇಹಧರ್ಮವೂ

ಮನುಷ್ಯನು ಸ್ವಭಾವತಃ ರಾಜ್ಯಜೀವಿಯೆಂದು ಅರಿಸ್ಟಾಟಲನು ಹೇಳಿದನು. ತನ್ನ ಪ್ರಾಣಿಶಾಸ್ತ್ರಗ್ರಂಥದಲ್ಲಿ ಜೇನು ಇರುವೆಗಳನ್ನೂ ಅವನು ಅದೇ ವರ್ಗಕ್ಕೆ ಸೇರಿಸಿದ್ದಾನೆ; ಆದರೆ ನ್ಯಾಯಾನ್ಯಾಯಗಳನ್ನು ತಿಳಿಯಪಡಿಸುವ ಮಾತು ಮನುಷ್ಯನೊಬ್ಬನಿಗೇ ಉಂಟೆಂದು ರಾಜನೀತಿಯ ಗ್ರಂಥದಲ್ಲಿ ಭೇದವನ್ನೂ ಕಾಣಿಸಿದ್ದಾನೆ. ರಾಜಕೀಯಕ್ಕೂ ಜೀವಶಾಸ್ತ್ರಕ್ಕೂ ಇರುವ ಸಂಬಂಧವನ್ನು ಶೋಧಿಸುವ ಈಚಿನ ವಿದ್ವಾಂಸರು ಈ ಎರಡನೆಯ ಮಾತಿಗೆ ಎಷ್ಟು ಬೆಲೆ ಕೊಟ್ಟಿದ್ದಾರೆಂಬುದು ವಿಚಾರಣೀಯವಾಗಿದೆ.

ಈ ಶಾಖೆಗೆ ಪ್ರಸಿದ್ಧಿಯನ್ನು ತಂದ ಬರಹಗಳಲ್ಲಿ ಆಲ್‌ಫರ್ಡ್, ಫಂಕ್, ಹಿಬಿಂಗ್ ಎಂಬ ಅಮೆರಿಕದ ವಿದ್ವಾಂಸರು 2005ರಲ್ಲಿ ಪ್ರಕಟಿಸಿದ ಲೇಖನವು ಮುಖ್ಯವಾದುದು. ಒಂದೇ ಅಂಡದಿಂದ ಜನಿಸಿದ ಅವಳಿಗಳ ರಾಜಕೀಯ ಅಭಿಪ್ರಾಯಗಳಲ್ಲಿ, ಎರಡು ಅಂಡಗಳಿಂದ ಜನಿಸಿದ ಅವಳಿಗಳಲ್ಲಿರುವುದಕ್ಕಿಂತ ಹೆಚ್ಚಿನ ಹೋಲಿಕೆಯುಂಟು. ಆದಕಾರಣ ಅಭಿಪ್ರಾಯದಲ್ಲಿ ಆನುವಂಶಿಕತೆಗೂ ಪಾಲುಂಟೆಂಬುದು ಅವರ ವಾದ. ಪಕ್ಷನಿಷ್ಠೆಯಲ್ಲಿ ವಂಶಕ್ಕಿಂತ ಮನೆಯ ಸಂಸ್ಕಾರವೇ ಪ್ರಬಲವೆಂದು ಅವರೇ ತೋರಿಸಿರುವುದು ಶ್ಲಾಘ್ಯವಾಗಿದೆ. ಆದರೆ ವಾದವೆಲ್ಲವೂ ಎರಡು ಬಗೆಯ ಅವಳಿಗಳ ಪರಿಸರವೂ ಸಮಾನವೆಂಬ ಊಹೆಯ ಮೇಲೆ ನಿಂತಿದೆ. ರೂಪ ಒಂದೇ ಆದವರನ್ನು ಲೋಕವೂ ಒಂದೇ ರೀತಿಯಲ್ಲಿ ನಡೆಸಿಕೊಂಡಿದ್ದರೆ, ಅದರಿಂದಾದ ಹೋಲಿಕೆಯನ್ನು ವಂಶದ ಲೆಕ್ಕಕ್ಕೆ ಬರೆಯುವುದು ಸಾಧುವಲ್ಲ.

2008ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಲೇಖನವು ಇನ್ನೂ ಮುಂದೆ ಹೋಯಿತು. ನೆಬ್ರಾಸ್ಕದ ಲಿಂಕನ್ ನಗರದ 46 ಮಂದಿಗೆ ಭಯಂಕರ ಚಿತ್ರಗಳನ್ನು ತೋರಿಸಿ, ಹಠಾತ್ತಾದ ಸದ್ದನ್ನು ಕೇಳಿಸಿ, ಅವರ ಚರ್ಮದ ವಿದ್ಯುದ್ವಾಹಕತೆಯನ್ನೂ ರೆಪ್ಪೆಯ ಬಡಿತವನ್ನೂ ಅಳೆಯಲಾಯಿತು. ಹೆಚ್ಚು ಬೆಚ್ಚುವವರು ಸೈನ್ಯವೆಚ್ಚ, ಮರಣದಂಡನೆ ಮೊದಲಾದುವುಗಳ ಪರವಾಗಿರುತ್ತಾರೆಂದು ತೀರ್ಮಾನವಾಯಿತು. 2020ರಲ್ಲಿ ಬೇರೆ ವಿದ್ವಾಂಸರು ಅದೇ ಪ್ರಯೋಗವನ್ನು 202 ಮಂದಿಯ ಮೇಲೆ ನಡೆಸಿದಾಗ ಆ ತೀರ್ಮಾನಕ್ಕೆ ಆಧಾರ ದೊರೆಯಲಿಲ್ಲ. ನಡುವಣ ಹನ್ನೆರಡು ವರ್ಷಗಳಲ್ಲಿ ಅದು ವಿದ್ವದ್ವಲಯವನ್ನು ದಾಟಿ ಲೋಕದಲ್ಲೆಲ್ಲ ಹಬ್ಬಿತ್ತು.

ಇದನ್ನು ಪ್ರಯೋಗಶಾಲೆಯ ಲೋಪವೆಂದಷ್ಟೇ ಎಣಿಸಿ ಬಿಡುವಂತಿಲ್ಲ. ಜೀವಶಾಸ್ತ್ರದ ಹೆಸರಿನಲ್ಲಿ ಮಾಡಿದ ದುಡುಕಿನ ತೀರ್ಮಾನವು ಶಾಸನವಾದರೆ ಆಗುವ ಅನರ್ಥಕ್ಕೆ, ಬಲಾತ್ಕಾರದಿಂದ ಸಂತಾನಶಕ್ತಿಯನ್ನು ಹರಿಸಿದ 1933ರ ಜರ್ಮನ್ ಕಾನೂನೇ ಸಾಕ್ಷಿ. ಇಂದಿನ ಸಂಶೋಧಕರ ಉದ್ದೇಶ ಅದಲ್ಲವೆಂಬುದು ನಿಜ. ಆದರೂ ಎದುರಾಳಿಯ ಮತವು ಅವನ ನರಗಳಲ್ಲಿ ಹುಟ್ಟಿದುದೆಂದು ನಂಬಿದವನಿಗೆ ಅದಕ್ಕೆ ಉತ್ತರ ಹೇಳುವ ಹೊಣೆಯೇ ಇಲ್ಲದಂತಾಗುತ್ತದೆ. ಅರಿಸ್ಟಾಟಲನು ಎತ್ತಿ ಹೇಳಿದ ಮಾತಿಗೆ ಅಲ್ಲಿ ಎಡೆಯಿಲ್ಲ.

ಮತದಲ್ಲಿ ದೇಹಕ್ಕೆ ಪಾಲೇ ಇಲ್ಲವೆಂದು ಸಾಧಿಸುವುದೂ ಅಷ್ಟೇ ದುಡುಕು. ಈ ಶಾಖೆಯ ನಿಜವಾದ ಸತ್ತ್ವವು ಕಾಣುವುದು 2008ರ ಘೋಷಣೆಯಲ್ಲಲ್ಲ, 2020ರ ಮರುಪರೀಕ್ಷೆಯಲ್ಲಿ. ಅಂಥ ಪರೀಕ್ಷೆ ತೀರ್ಮಾನಕ್ಕಿಂತ ಮುಂಚಿತವಾಗಿ ನಡೆಯುವಂತಾದರೆ ಎರಡು ಶಾಸ್ತ್ರಗಳಿಗೂ ಅದರಿಂದ ಹಿತವಾಗುವುದು.