ಕನ್ನಡಕದೊಳಗಿನ ಪ್ರವಾಸ: ನೋಟವೆಷ್ಟು, ಕಲಿಕೆಯೆಷ್ಟು?

ಹವಳದ ದಿಬ್ಬದ ಪಕ್ಕ ಈಜಬೇಕೆ? ಮಂಗಳ ಗ್ರಹದ ನೆಲದ ಮೇಲೆ ನಿಲ್ಲಬೇಕೆ? ತರಗತಿಯ ಬೆಂಚು ಬಿಟ್ಟೇಳದೆ ಇದೆಲ್ಲ ಸಾಧ್ಯ ಎಂಬುದು ಮಿಥ್ಯಾವಾಸ್ತವ, ಅಂದರೆ ವರ್ಚುವಲ್ ರಿಯಾಲಿಟಿ ತಂತ್ರಜ್ಞಾನ ನೀಡುವ ಭರವಸೆ. ಶಾಲೆಗೆ ಇದನ್ನು ಕೊಳ್ಳುವ ಮುನ್ನ ಆ ಭರವಸೆಯನ್ನು ಒರೆಗೆ ಹಚ್ಚಿ ನೋಡುವುದು ಒಳ್ಳೆಯದು.

ಇಂಥ ಪ್ರವಾಸಗಳನ್ನು ಶಾಲೆಗಳಿಗೆ ದೊಡ್ಡ ಪ್ರಮಾಣದಲ್ಲಿ ತಲುಪಿಸಿದ್ದು ಗೂಗಲ್ ಸಂಸ್ಥೆ 2015ರಲ್ಲಿ ಆರಂಭಿಸಿದ 'ಎಕ್ಸ್‌ಪೆಡಿಷನ್ಸ್'. ರಟ್ಟಿನ ಪೆಟ್ಟಿಗೆ, ಎರಡು ಮಸೂರ, ಒಳಗೊಂದು ಸ್ಮಾರ್ಟ್‌ಫೋನ್. ವಿದ್ಯಾರ್ಥಿಗೆ ಬೇಕಾದದ್ದು ಇಷ್ಟೇ. ಶಿಕ್ಷಕರು ತಮ್ಮ ಟ್ಯಾಬ್ಲೆಟ್‌ನಿಂದ ಇಡೀ ತರಗತಿಗೆ ಒಂದೇ ದೃಶ್ಯ ತೋರಿಸಿ, ಗಮನಿಸಬೇಕಾದ ಜಾಗದತ್ತ ಮಕ್ಕಳ ನೋಟವನ್ನು ತಿರುಗಿಸಬಹುದಿತ್ತು. ಅಗ್ಗದ, ಜಾಣ ವಿನ್ಯಾಸ, ಮೆಚ್ಚಲೇಬೇಕು.

ಕೊರತೆ ಇರುವುದು ನೋಟದಲ್ಲೇ. 360 ಡಿಗ್ರಿ ಛಾಯಾಚಿತ್ರವೆಂದರೆ ಕ್ಯಾಮೆರಾ ಇದ್ದ ಸ್ಥಳದಿಂದ ಮಾತ್ರ ಕಂಡ ನೋಟ. ನೀವು ತಲೆ ತಿರುಗಿಸಿದರೆ ಫೋನಿನ ಸಂವೇದಕಗಳು ಅದನ್ನರಿತು ದೃಶ್ಯವನ್ನೂ ತಿರುಗಿಸುತ್ತವೆ. ಒಂದು ಹೆಜ್ಜೆ ಪಕ್ಕಕ್ಕೆ ಇಟ್ಟು ನೋಡಿ: ಏನೂ ಬದಲಾಗದು. ನಿಜವಾದ ಬಯಲಿನಲ್ಲಾದರೆ, ನೀವು ಸರಿದಂತೆ ಹತ್ತಿರದ ಮರ ದೂರದ ಬೆಟ್ಟದೆದುರು ಸರಿದಂತೆ ಕಾಣುತ್ತದೆ. ದೂರವನ್ನು ಅಂದಾಜಿಸಲು ನೆರವಾಗುವ ಈ ಸುಳಿವು ಇಲ್ಲಿ ಇಲ್ಲ. ಈಗಿನ ದುಬಾರಿ ಕನ್ನಡಕಗಳು ಹೆಜ್ಜೆಯನ್ನೂ ಗುರುತಿಸಬಲ್ಲವು. ಆದರೂ ಛಾಯಾಚಿತ್ರದೊಳಗಿನ ಬಂಡೆಯನ್ನು ಸುತ್ತಿ ಬರಲಾಗದು.

'ಅಲ್ಲಿದ್ದೆವು' ಎಂಬ ಅನುಭವವೇ ಕಲಿಕೆಯೆ? ಅಮೆರಿಕದ ಪರೋಂಗ್ ಮತ್ತು ಮೇಯರ್ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ರಕ್ತಪ್ರವಾಹದೊಳಗೆ 'ಸಂಚರಿಸಿದ' ವಿದ್ಯಾರ್ಥಿಗಳಿಗಿಂತ ಅದೇ ಪಾಠವನ್ನು ಸ್ಲೈಡ್‌ಗಳಲ್ಲಿ ನೋಡಿದವರು ಪರೀಕ್ಷೆಯಲ್ಲಿ ಮುಂದಿದ್ದರು. ಆಸಕ್ತಿ ಹೆಚ್ಚಿದ್ದದ್ದು ಮಾತ್ರ ಸಂಚರಿಸಿದವರಲ್ಲಿ! 2019ರಲ್ಲಿ ಮಕ್ರಾನ್ಸ್ಕಿ ಮತ್ತು ಸಂಗಡಿಗರು 52 ವಿಶ್ವವಿದ್ಯಾಲಯ ವಿದ್ಯಾರ್ಥಿಗಳೊಡನೆ ನಡೆಸಿದ ಪ್ರಯೋಗದ ಫಲಿತಾಂಶವೂ ಇದೇ ದಿಕ್ಕಿನದು. ಕಣ್ಣು ತುಂಬಿದಷ್ಟೂ ಯೋಚನೆಗೆ ಬಿಡುವು ಕಡಿಮೆ. ಪರೋಂಗ್ ಮತ್ತು ಮೇಯರ್ ಪಾಠವನ್ನು ತುಂಡುತುಂಡಾಗಿಸಿ, ಪ್ರತಿ ತುಂಡಿನ ನಂತರ ಸಾರಾಂಶ ಬರೆಸಿದಾಗ ಕಲಿಕೆ ಸುಧಾರಿಸಿತು ಎಂಬುದನ್ನೂ ನೆನಪಿಡಿ.

ಇನ್ನು ಬೆಂಗಳೂರಿನ ಲಾಲ್‌ಬಾಗ್ ಬಂಡೆಯನ್ನು ತೆಗೆದುಕೊಳ್ಳಿ. ಸುಮಾರು 300 ಕೋಟಿ ವರ್ಷ ಹಳೆಯ ಈ ನೈಸ್ ಶಿಲೆಯ ಮೇಲೆ ವಿದ್ಯಾರ್ಥಿಯೊಬ್ಬ ಭೂತಗನ್ನಡಿ ಹಿಡಿದು ಕೂರಬಹುದು, ಪಟ್ಟೆಗಳ ಅಗಲ ಅಳೆಯಬಹುದು, ಕೋನಮಾಪಕಕ್ಕೆ ತೂಗುದಾರ ಕಟ್ಟಿ ಇಳಿಜಾರು ಲೆಕ್ಕ ಹಾಕಬಹುದು. ಇಬ್ಬರ ಅಳತೆ ಹೊಂದದಿದ್ದರೆ ಅಲ್ಲಿಂದಲೇ ವಿಜ್ಞಾನ ಆರಂಭ. ಮಿಥ್ಯಾಪ್ರವಾಸದಲ್ಲಿ ಏನನ್ನು ನೋಡಬೇಕೆಂದು ತಯಾರಕರು ಮೊದಲೇ ತೀರ್ಮಾನಿಸಿರುತ್ತಾರೆ.

ಇನ್ನೊಂದು ಎಚ್ಚರಿಕೆ: ಎಕ್ಸ್‌ಪೆಡಿಷನ್ಸ್ 2021ರ ಜೂನ್ 30ರಂದು ನಿಂತುಹೋಯಿತು. ಬಹುಪಾಲು ಪ್ರವಾಸಗಳು ಅದೇ ಸಂಸ್ಥೆಯ 'ಆರ್ಟ್ಸ್ ಅಂಡ್ ಕಲ್ಚರ್' ತಾಣ ಸೇರಿದವು. ಅದನ್ನೇ ನೆಚ್ಚಿ ಪಾಠ ಯೋಜಿಸಿದ್ದ ಶಿಕ್ಷಕರು ಹೊಸ ದಾರಿ ಹುಡುಕಬೇಕಾಯಿತು. ಬಂಡೆಗೆ ಇಂಥ ಅಪಾಯವಿಲ್ಲ.

ಹಾಗೆಂದು ಕನ್ನಡಕವನ್ನು ಎಸೆಯಬೇಕಿಲ್ಲ. ಕಾಲು ತಲುಪದ ಕಡೆಗೆ, ಎಂದರೆ ರಕ್ತನಾಳ, ಸಾಗರತಳ, ಮಂಗಳದಂಥ ಕಡೆಗೆ, ಅದನ್ನು ಬಳಸಿ. ಐದು ನಿಮಿಷ ತೋರಿಸಿ, ಕೆಳಗಿಡಿಸಿ, ಕಂಡದ್ದನ್ನು ಬರೆಸಿ. ನಡೆದು ತಲುಪಬಹುದಾದ ಕೆರೆ, ಗುಡ್ಡ, ಗದ್ದೆಗಳಿಗೆ ಮಾತ್ರ ಮಕ್ಕಳನ್ನು ನಡೆಸಿಕೊಂಡೇ ಹೋಗಿ.