ಬೇಡಿಕೆ ಪತ್ರಕ್ಕೊಂದು ಟೀಕು

ಅಮೆರಿಕದ ಸ್ವಯಂಸೇವಕ ಸಂಸ್ಥೆ ಪೀಸ್ ಕೋರ್ 1961ರಿಂದ 1976ರವರೆಗೆ ಭಾರತದಲ್ಲಿತ್ತು. ಅಂದಿನ ಮೈಸೂರು ರಾಜ್ಯಕ್ಕೂ ಅದರ ಹುಡುಗ ಹುಡುಗಿಯರು ಬಂದರು. ತಲಕಾಡಿನ ಸುತ್ತಲ ಊರೊಂದು ಇವತ್ತು ಇಂಥ ಸಂಸ್ಥೆಯಿಂದ ಸ್ವಯಂಸೇವಕರನ್ನು ಕೇಳುವುದಾದರೆ ಹೇಗೆ ಕೇಳಬೇಕು? ನಾಲ್ಕು ಸಾಲು ನಾನೇ ಬರೆದಿದ್ದೇನೆ, ವ್ಯಾಖ್ಯಾನವೂ ನನ್ನದೇ.

“ನಮ್ಮ ಕೆಲಸ ಇದು, ಇದನ್ನು ಬಲ್ಲವರನ್ನು ಕಳಿಸಿ.”
ಕೆಲಸ ಮೊದಲು, ಆಳು ಆಮೇಲೆ. ಅಂದು ನಡೆದದ್ದು ಹೆಚ್ಚಾಗಿ ತಲೆಕೆಳಗು. ಆಗತಾನೇ ಬಿ.ಎ. ಮುಗಿಸಿದವರು ಸಿಕ್ಕರು, ಕೆಲವು ವಾರ ಕೋಳಿಸಾಕಣೆ ಕಲಿಸಿ ಹಳ್ಳಿಗೆ ಕಳಿಸಿದರು. 2014ರಲ್ಲಿ ಪೀಸ್ ಕೋರ್ ತನ್ನ ನೇಮಕಾತಿಯನ್ನು ತಿದ್ದಿತು. ಸುಮಾರು ಎಂಟು ಗಂಟೆ ಹಿಡಿಯುತ್ತಿದ್ದ ಅರ್ಜಿ ಒಂದು ಗಂಟೆಗೆ ಇಳಿಯಿತು. ಯಾವ ದೇಶ, ಯಾವ ಕೆಲಸ ಎಂಬುದನ್ನು ಅರ್ಜಿದಾರರೇ ಆರಿಸುವಂತಾಯಿತು. ಒಳ್ಳೆಯದೇ, ಆದರೆ ಅನುಕೂಲವೆಲ್ಲ ಬರುವವರಿಗೆ. ಹೆಣ್ಣು ನೋಡಲು ಬಂದು ಗಂಡಿನ ಕಡೆಯವರೇ ಮಾತಾಡಿ ಎದ್ದುಹೋದ ಹಾಗೆ.

“ಬೇಸಾಯಕ್ಕೆ ಬರುವವರು ನಾಲೆ ನೀರಿಗೆ ಮೊದಲೇ ಬರಲಿ.”
ತಲಕಾಡು ಕಡೆಯ ಮಾಧವಮಂತ್ರಿ ನಾಲೆಯ ಬಯಲಿನಲ್ಲಿ ನೀರು ಬಂದ ಮೇಲೆಯೇ ಭತ್ತದ ಒಟ್ಲು, ನಾಟಿ, ಕಳೆ. ಪೀಸ್ ಕೋರಿನ ಅವಧಿ 27 ತಿಂಗಳು; ಮೂರು ತಿಂಗಳು ತರಬೇತಿಗೆ ಹೋದರೆ ಉಳಿಯುವುದು ಎರಡು ವರ್ಷ, ಅಂದರೆ ಎರಡು ಮಳೆಗಾಲದ ಬೆಳೆ. ಒಂದನ್ನು ನೋಡಿ ಕಲಿಯಬೇಕು, ಇನ್ನೊಂದರಲ್ಲಿ ಕೈಯಾಡಿಸಬೇಕು. ನಾಟಿ ಮುಗಿದ ಮೇಲೆ ಬಂದಿಳಿದವರಿಗೆ ಮೊದಲ ಬೆಳೆಯ ಅರ್ಧ ಪಾಠವೇ ತಪ್ಪಿತು. ಅವರನ್ನು ಬೈದು ಫಲವಿಲ್ಲ. ಹೊರಡುವ ದಿನ ಗೊತ್ತುಮಾಡುವವರ ಮೇಜಿನ ಮೇಲೆ ನಮ್ಮ ಪಂಚಾಂಗ ಇರಬೇಕು.

“ಕನ್ನಡ ಬರಲಿ.”
ಬಸ್ಸಿನಲ್ಲಿ, ಅಕ್ಕಿ ಗಿರಣಿಯಲ್ಲಿ ಆಡುವಷ್ಟು. ಹೆಚ್ಚಿನದು ಊರೇ ಕಲಿಸುತ್ತದೆ.

“ಆರಿಸುವಾಗ ನಮ್ಮವರೂ ಕೂತಿರಲಿ.”
ಉಳಿದ ಮೂರೂ ಇದರ ಮೇಲೆ ನಿಂತಿವೆ. ಪೀಸ್ ಕೋರನ್ನು ಕರೆಸುವುದು ಆಯಾ ದೇಶದ ಸರ್ಕಾರ. ಒಪ್ಪಂದ ರಾಜಧಾನಿಯಲ್ಲಿ, ಮನೆ ಹುಡುಕಿಕೊಡುವ ಪಾಡು ಹಳ್ಳಿಯಲ್ಲಿ. ಈಗ ವಿಡಿಯೊ ಕರೆಯಿದೆ. ಜೊತೆಗೆ ದುಡಿಯಬೇಕಾದ ಅಂಗನವಾಡಿ ಕಾರ್ಯಕರ್ತೆಯೋ ಸಹಕಾರ ಸಂಘದ ಕಾರ್ಯದರ್ಶಿಯೋ ಅರ್ಧ ಗಂಟೆ ಮಾತಾಡಿಸಲಿ. ಒಗ್ಗದಿದ್ದರೆ ಬೇಡ ಎನ್ನಲಿ, ಆ ಮಾತು ನಡೆಯಲಿ. ಬಂದವರು ಹೊರಟಾಗ ಕೆಲಸ ಉಳಿಯುವುದು ಇವರ ಕೈಯಲ್ಲೇ. ಬ್ರಿಟನ್ನಿನ ಸ್ವಯಂಸೇವಕ ಸಂಸ್ಥೆ ವಿಎಸ್‌ಒ ತನ್ನ ಯುವ ಯೋಜನೆಯೊಂದರಲ್ಲಿ ಹೊರಗಿನವರ ಜೊತೆ ಸ್ಥಳೀಯ ತರುಣರನ್ನೂ ಸ್ವಯಂಸೇವಕರಾಗಿ ಸೇರಿಸಿ ದುಡಿಸಿದೆ; ಊರಿನವರನ್ನು ಜೊತೆಗೆ ಕೂರಿಸಿಕೊಳ್ಳುವುದು ಆಗದ ಮಾತೇನಲ್ಲ.

ಪಂಚಾಯಿತಿಯವರೇ, ಮೊದಲ ಮೂರು ಸಾಲುಗಳಲ್ಲಿ ಚೌಕಾಸಿಗೆ ಜಾಗವಿದೆ. ನಾಲ್ಕನೆಯದನ್ನು ಒಪ್ಪದ ಸಂಸ್ಥೆಯ ಆಳನ್ನು ಮಾತ್ರ ಕರೆಸಿಕೊಳ್ಳಬೇಡಿ.