‘ಟ್ಯಾಂಕು’ ಶಬ್ದವಿಚಾರ

ಬೆಂಗಳೂರಿನ ದಂಡುಪ್ರದೇಶದಲ್ಲಿ ‘ಮಿಲ್ಲರ್ ಟ್ಯಾಂಕ್ ಬಂಡ್ ರಸ್ತೆ’ ಎಂಬುದೊಂದು ಬೀದಿಯುಂಟು. ಆ ಹೆಸರಿಗೆ ಕಾರಣವಾದ ಜಲರಾಶಿಯು ಇಂದು ಇಲ್ಲ. ಹೆಸರೊಂದೇ ಶಾಸನದಂತೆ ಉಳಿದುಕೊಂಡಿದೆ. ಅದರಲ್ಲಿರುವ ಬಂಡ್ ಎಂಬ ಪದವು ಪಾರಸಿಯಿಂದ ಹಿಂದೂಸ್ಥಾನಿಗೆ ಬಂದು ಇಂಗ್ಲಿಷಿಗೆ ಸೇರಿದುದು. ನಮ್ಮ ಬಂಧಶಬ್ದಕ್ಕೆ ದಾಯಾದಿ. ಟ್ಯಾಂಕೆಂಬುದರ ಕುಲವಾದರೋ ಇಷ್ಟು ಸುಲಭವಾಗಿ ನಿರ್ಣಯವಾಗತಕ್ಕದ್ದಲ್ಲ. ಈ ಪದದ ನಿಷ್ಪತ್ತಿಯಾವುದು, ಅರ್ಥಗಳೆಷ್ಟು, ‘ಕೆರೆ’ಗೆ ಅದು ಸರಿಯಾದ ಪರ್ಯಾಯಪದವೇ ಎಂಬ ಮೂರು ಪ್ರಶ್ನೆಗಳನ್ನು ಇಲ್ಲಿ ವಿಚಾರಿಸುವೆವು.

ಸಂಸ್ಕೃತದ ತಟಾಕ ಅಥವಾ ತಡಾಗಶಬ್ದವೇ ಆಂಗ್ಲರ ಬಾಯಲ್ಲಿ ಟ್ಯಾಂಕಾಯಿತೆಂದು ನಮ್ಮವರಲ್ಲಿ ಹಲವರು ಹೇಳುವುದುಂಟು. ಇದು ಪೂರ್ವಪಕ್ಷ. ಕಿವಿಗೆ ಹಿತವಾಗಿರುವುದೆಂಬುದನ್ನುಳಿದು ಇದಕ್ಕೆ ಬೇರೆ ಆಧಾರವಿಲ್ಲ. ತಡಾಗವು ಪ್ರಾಕೃತದಲ್ಲಿ ತಲಾಯವಾಗಿ, ಹಿಂದಿಯಲ್ಲಿ ತಲಾವ್, ಗುಜರಾತಿಯಲ್ಲಿ ತಳಾವ್ ಎಂದು ಪರಿಣಮಿಸಿತು. ಆದಿಯ ತಕಾರವು ಟಕಾರವಾದುದಕ್ಕಾಗಲಿ, ನಡುವೆ ಅನುನಾಸಿಕವು ಸೇರಿದುದಕ್ಕಾಗಲಿ ಈ ಪರಂಪರೆಯಲ್ಲಿ ನಿದರ್ಶನವಿಲ್ಲ. ಮೇಲಾಗಿ, ಅದೇ ಗುಜರಾತಿಯಲ್ಲಿ ತಳಾವಿನ ಪಕ್ಕದಲ್ಲಿಯೇ ‘ಟಾಂಕುಂ’ ಎಂಬ ಬೇರೊಂದು ಪದವು ನೆಲದೊಳಗಣ ನೀರಿನ ತೊಟ್ಟಿಯೆಂಬರ್ಥದಲ್ಲಿ ಬಳಕೆಯಲ್ಲಿದೆ. ಒಂದೇ ಭಾಷೆಯಲ್ಲಿ ಎರಡು ವಸ್ತುಗಳಿಗೆ ಎರಡು ಹೆಸರುಗಳಿರುವಾಗ ಒಂದನ್ನು ಮತ್ತೊಂದರ ವಿಕಾರವೆನ್ನುವುದು ಯುಕ್ತವಲ್ಲ.

ಹಾಗಾದರೆ ಸಿದ್ಧಾಂತವೇನು? 1886ರಲ್ಲಿ ಯೂಲ್ ಮತ್ತು ಬರ್ನೆಲ್ ಎಂಬ ವಿದ್ವಾಂಸರು ಪ್ರಕಟಿಸಿದ ‘ಹಾಬ್ಸನ್-ಜಾಬ್ಸನ್’ ಕೋಶದಲ್ಲಿ ಎರಡು ಮೂಲಗಳ ಚರ್ಚೆಯಿದೆ. ಮೊದಲನೆಯದು ಪಶ್ಚಿಮ ಭಾರತದ್ದು. ಗುಜರಾತಿಯ ಟಾಂಕುಂ, ರಾಜಸ್ಥಾನದ ಟಾಂಕಾ, ಮರಾಠಿಯ ಟಾಕೆ ಇವು ಈ ವರ್ಗದವು. ಮಹಾರಾಷ್ಟ್ರದ ಗಿರಿದುರ್ಗಗಳಲ್ಲಿ ಬಂಡೆಯನ್ನು ಕಡಿದು ಮಾಡಿದ ನೀರಿನ ಗುಂಡಿಗಳಿಗೆ ಟಾಕೆಯೆಂದೇ ಹೆಸರು. ಎರಡನೆಯದು ಪೋರ್ತುಗೀಸರ ‘ಟಾಂಕೆ’. ಇದು ಸ್ಪಾನಿಷಿನ ಎಸ್ಟಾಂಕೆಗೆ ಸೋದರಪದವಾಗಿದ್ದು, ನಿಂತ ನೀರೆಂಬರ್ಥದ ಲ್ಯಾಟಿನಿನ ಸ್ಟಾಗ್ನಮ್ ಶಬ್ದದೊಡನೆ ಸಂಬಂಧವುಳ್ಳದ್ದೆಂದು ಹೇಳುತ್ತಾರೆ. 17ನೆಯ ಶತಮಾನದ ಆರಂಭದಲ್ಲಿ ಪಶ್ಚಿಮತೀರಕ್ಕೆ ಬಂದಿಳಿದ ಆಂಗ್ಲರು ಪೋರ್ತುಗೀಸರಿಂದಲೂ ನಾಡಿಗರಿಂದಲೂ ಸದೃಶಧ್ವನಿಯ ಎರಡು ಪದಗಳನ್ನು ಕೇಳಿ ಒಂದಾಗಿಸಿಕೊಂಡರೆಂದು ಭಾವಿಸುವುದೇ ಯುಕ್ತವಾಗಿ ತೋರುತ್ತದೆ. ಎರಡು ತೊರೆಗಳು ಕೂಡಿದ ಹೊಳೆಯಲ್ಲಿ ಇಂಥ ಹನಿ ಇಂಥ ತೊರೆಯದೆಂದು ಬೇರ್ಪಡಿಸಲಾಗದು.

ಅಮರಕೋಶದಲ್ಲಿ ಟಂಕವೆಂದರೆ ಕಲ್ಲೊಡೆಯುವ ಉಳಿ. ಬಂಡೆಯಲ್ಲಿ ಕಡಿದ ತೊಟ್ಟಿಗೆ ಆ ಆಯುಧದಿಂದಲೇ ಹೆಸರು ಬಂದಿರಬಹುದೆಂಬುದು ಊಹೆ. ಅದನ್ನು ಊಹೆಯಾಗಿಯೇ ಇರಿಸುವುದು ಒಳ್ಳೆಯದು.

ಇನ್ನು ಅರ್ಥವಿಸ್ತಾರ. ಇಂಗ್ಲಿಷಿನಲ್ಲಿ ಈ ಪದವು ಮೊದಲು ಭಾರತದ ಜಲಾಶಯವನ್ನು ಸೂಚಿಸಿತು. ಬಳಿಕ ನೀರು, ಎಣ್ಣೆ ಮೊದಲಾದ ದ್ರವಗಳನ್ನು ತುಂಬುವ ಯಾವ ದೊಡ್ಡ ಪಾತ್ರೆಗಾದರೂ ಸಂದಿತು. ಮೊದಲನೆಯ ಮಹಾಯುದ್ಧದಲ್ಲಿ ಉಕ್ಕಿನ ಕವಚದ ಹೊಸ ರಥವೊಂದನ್ನು ಗುಟ್ಟಾಗಿ ನಿರ್ಮಿಸುತ್ತಿದ್ದಾಗ, ನೋಡಿದವರು ನೀರಿನ ತೊಟ್ಟಿಯೆಂದು ತಿಳಿಯಲೆಂದು ಅದಕ್ಕೂ ಟ್ಯಾಂಕೆಂದೇ ಹೆಸರಿಟ್ಟರು. 1916ರ ಸೆಪ್ಟೆಂಬರ್ 15ರಂದು ಫ್ರಾನ್ಸಿನ ಸೋಮ್ ರಣರಂಗದಲ್ಲಿ ಅದು ಪ್ರಕಟವಾಯಿತು. ಮರೆಮಾಚುವುದಕ್ಕಿಟ್ಟ ಹೆಸರೇ ನಿಜವಾದ ಹೆಸರಾಗಿ ನಿಂತಿತು. ಯೋಗಾರ್ಥಕ್ಕಿಂತ ರೂಢಾರ್ಥವು ಬಲವತ್ತರವೆಂಬ ಶಾಸ್ತ್ರಕಾರರ ಮತಕ್ಕೆ ಇದಕ್ಕಿಂತ ಸೊಗಸಾದ ಉದಾಹರಣೆ ದೊರೆಯಲಾರದು.

ಈಗ ಮೂರನೆಯ ಪ್ರಶ್ನೆಗೆ ಬರುವೆವು. ಕನ್ನಡದ ‘ಕೆರೆ’ಯು ಹಿಂದೆ ಶಕಟರೇಫದಿಂದ ‘ಕೆಱೆ’ ಎಂದಿದ್ದಿತು. ತಮಿಳಿನ ಚಿಱೈ, ಮಲೆಯಾಳದ ಚಿಱ, ತೆಲುಗಿನ ಚೆಱುವು ಇದರ ಜ್ಞಾತಿಪದಗಳು. ಚಿಱೈ ಎಂಬುದಕ್ಕೆ ತಡೆ, ಅಣೆ, ಸೆರೆಮನೆ ಎಂಬ ಅರ್ಥಗಳಿವೆ. ಆದುದರಿಂದ ಕೆರೆಯೆಂದರೆ ತೋಡಿದ ಗುಂಡಿಯಲ್ಲ, ಇಟ್ಟ ಪಾತ್ರೆಯಲ್ಲ; ಹರಿಯುವ ನೀರನ್ನು ಅಡ್ಡಗಟ್ಟಿ ತಡೆದು ನಿಲ್ಲಿಸಿದುದು. ಹಲಸೂರಿನಲ್ಲಿ ತಮಿಳರೂ ಕನ್ನಡಿಗರೂ ನೆರೆಹೊರೆಯಾಗಿರುವುದರಿಂದ ಮತ್ತೊಂದು ಸ್ವಾರಸ್ಯವು ಕಾಣುತ್ತದೆ: ‘ಏರಿ’ಯೆಂದರೆ ತಮಿಳರಿಗೆ ಕೆರೆಯೇ, ಕನ್ನಡಿಗರಿಗೆ ಅದರ ಕಟ್ಟೆ. ಕಟ್ಟೆಯನ್ನೂ ನೀರನ್ನೂ ಒಂದೇ ಮಾತು ಹೇಳಬಲ್ಲುದೆಂದರೆ, ಅವೆರಡೂ ಒಂದನ್ನೊಂದು ಬಿಟ್ಟಿರಲಾರವೆಂದು ನಮ್ಮ ಹಿರಿಯರು ಬಲ್ಲವರಾಗಿದ್ದರೆಂದೇ ತಾತ್ಪರ್ಯ.

ಕೆರೆಗೆ ಏರಿಯಲ್ಲದೆ ತೂಬು, ಕೋಡಿ, ನೀರು ಬರುವ ಕಾಲುವೆ, ಅಂಗಳ, ಅಚ್ಚುಕಟ್ಟು ಎಂಬ ಅಂಗಗಳುಂಟು. ಬಿತ್ತುವಟ್ಟ, ಕಟ್ಟುಕೊಡಗೆ ಎಂಬ ಶಾಸನೋಕ್ತ ದತ್ತಿಗಳು ಅದರ ಕಟ್ಟೋಣಕ್ಕೂ ರಕ್ಷಣೆಗೂ ಸಂಬಂಧಿಸಿದವು. ವಿಜಯನಗರದ ರಾಜಪುತ್ರ ಭಾಸ್ಕರನ 1369ರ ಪೋರುಮಾಮಿಳ್ಳ ಶಾಸನವು ತಟಾಕಕ್ಕೆ ಹನ್ನೆರಡು ಸಾಧನಗಳನ್ನೂ ಆರು ದೋಷಗಳನ್ನೂ ಎಣಿಸಿದೆ. ಧರ್ಮಿಷ್ಠನಾದ ದೊರೆ, ಜಲಶಾಸ್ತ್ರವನ್ನು ಬಲ್ಲ ಬ್ರಾಹ್ಮಣ, ಸಿಹಿನೀರಿನ ನದಿ, ಫಲವತ್ತಾದ ನೆರೆಹೊಲ, ಕುಶಲರಾದ ಕೆಲಸಗಾರರು ಇವೆಲ್ಲ ಸಾಧನಗಳಲ್ಲಿ ಸೇರಿವೆ. ಎರಡು ರಾಜ್ಯಗಳ ಗಡಿಯಲ್ಲಿರುವುದು ದೋಷಗಳಲ್ಲೊಂದು. ಪಾತ್ರೆಗೆ ಇಂತಹ ಲಕ್ಷಣವನ್ನು ಯಾರೂ ಹೇಳರು.

ಕಿಟ್ಟೆಲರು 1894ರ ತಮ್ಮ ಮಹಾಕೋಶದಲ್ಲಿ ಕೆರೆಗೆ ಟ್ಯಾಂಕೆಂದೇ ಅರ್ಥಕೊಟ್ಟರು. ಅವರ ಕಾಲದ ಆಂಗ್ಲವಾಚಕನಿಗೆ ಇದರಲ್ಲಿ ಸಂದೇಹವಿರಲಿಲ್ಲ. ಇಂದಿನವನಿಗಾದರೋ ಮಾಳಿಗೆಯ ಮೇಲಣ ತೊಟ್ಟಿಯೇ ಮೊದಲು ತೋರುತ್ತದೆ. ಹಲಸೂರಿನ ಕೆರೆಯೂ ಅಲ್ಲಿಯ ಸೋಮೇಶ್ವರನ ಕಲ್ಯಾಣಿಯೂ ಇಂಗ್ಲಿಷಿನಲ್ಲಿ ಒಂದೇ ಹೆಸರಿಗೊಳಗಾಗುವುವು. ಕರ್ನಾಟಕದ 2014ರ ಕೆರೆಸಂರಕ್ಷಣೆಯ ಕಾಯಿದೆಯ ಆಂಗ್ಲ ನಾಮಧೇಯದಲ್ಲಿ ಮೊದಲು ‘ಲೇಕ್’ ಎಂದಿದ್ದುದು ಅನಂತರ ‘ಟ್ಯಾಂಕ್’ ಎಂದಾಯಿತು. ಕನ್ನಡದಲ್ಲಿಯಾದರೋ ಎರಡಕ್ಕೂ ಕೆರೆಯೆಂಬ ಒಂದೇ ಮಾತು ಸಾಲುತ್ತದೆ.

ಹೆಸರಿನಿಂದೇನಾದೀತು, ಶಬ್ದವು ಕೆರೆಯನ್ನು ಮುಚ್ಚೀತೆ ಎಂದು ಶಂಕಿಸಬಹುದು. ಶಂಕೆಯು ನ್ಯಾಯವಾದುದೇ. ದಂಡಿನ ಶೂಲೆ ಟ್ಯಾಂಕು ಕಾಲ್ಚೆಂಡಿನ ಕ್ರೀಡಾಂಗಣವಾದಂತೆಯೇ ಪೇಟೆಯ ಸಂಪಂಗಿ ಕೆರೆಯೂ ಕ್ರೀಡಾಂಗಣವಾಯಿತು; ಧರ್ಮಾಂಬುಧಿಯೆಂಬ ಸಂಸ್ಕೃತನಾಮವು ತನ್ನ ಕೆರೆಯನ್ನು ಬಸ್ಸು ನಿಲ್ದಾಣವಾಗದಂತೆ ಕಾಪಾಡಲಿಲ್ಲ. ಶಬ್ದವು ಕೆರೆಯನ್ನು ಮುಚ್ಚಲಾರದು, ನಿಜ. ಆದರೆ ಮುಚ್ಚಿದುದು ಏನೆಂಬುದನ್ನು ಮರೆಸಬಲ್ಲುದು. ಬರಿದಾದ ಪಾತ್ರೆಯ ಜಾಗವು ಬಯಲು. ಬರಿದಾದ ಕೆರೆಯ ಅಂಗಳವಾದರೋ ಮಳೆಗಾಗಿ ಕಾದಿರುವ ಕೆರೆಯೇ. 2024ರ ಬೇಸಗೆಯಲ್ಲಿ ಕೃಷ್ಣರಾಜಪುರ ಮೊದಲಾದ ಮೂಡಣ ಬಡಾವಣೆಗಳವರು ನೀರಿಗಾಗಿ ದಾರಿ ನೋಡುತ್ತಿದ್ದಾಗ ಬಂದುದು ಟ್ಯಾಂಕರು: ಅದೇ ಧಾತುವಿನ ಪದ, ನೀರು ಮಾತ್ರ ಕ್ರಯಕ್ಕೆ.

ಆದುದರಿಂದ ಭಾಷಾಂತರಕಾರರೂ ಉಪಾಧ್ಯಾಯರೂ ಟ್ಯಾಂಕೆಂಬ ಪದವು ಎದುರಾದಲ್ಲಿ ವಸ್ತುವನ್ನು ವಿಚಾರಿಸಿ, ಕೆರೆ, ಕಟ್ಟೆ, ಕುಂಟೆ, ಕಲ್ಯಾಣಿ, ತೊಟ್ಟಿ ಎಂದು ವಿಂಗಡಿಸಿ ಬರೆಯುವುದು ಕರ್ತವ್ಯ. ಕೋಶಕಾರರೂ ಕೆರೆಯ ಅರ್ಥವನ್ನು ಒಂದು ಪರ್ಯಾಯಪದದಿಂದ ಮುಗಿಸದೆ ಅದರ ಅಂಗಗಳೊಡನೆ ವಿವರಿಸಲಿ. ತೊಟ್ಟಿಗೆ ಟ್ಯಾಂಕೆಂಬ ಹೆಸರು ಇರಲಿ. ಆ ಪದವನ್ನು ಬಹಿಷ್ಕರಿಸಬೇಕೆಂಬ ಹಟವು ನಮ್ಮದಲ್ಲ. ಕೆರೆಗೆ ಕೆರೆಯೆಂಬ ಹೆಸರು ಸಲ್ಲಲೆಂಬುದಿಷ್ಟೇ ನಮ್ಮ ವಿಜ್ಞಾಪನೆ.